ಬೆಂಕಿಗೆ ಬರೆದ ಕಾಗದ

ಪಾಪಗಳನ್ನು ಬರೆಯಲು ಒಂಬತ್ತನೇ ಬಿ ತರಗತಿಗೆ ಇಪ್ಪತ್ತು ನಿಮಿಷ ಕೊಡಲಾಗಿತ್ತು. ಶರ್ಲೀನ್ ಪಿಂಟೊ ಒಂದೂವರೆ ನಿಮಿಷದಲ್ಲಿ ಮುಗಿಸಿ, ಪೆನ್ನಿಗೆ ಮುಚ್ಚಳ ಹಾಕಿ, ಕಿಟಕಿಯಾಚೆ ಪಾರಿವಾಳ ನೋಡುತ್ತ ಕುಳಿತಳು. ಅವಳ ಪಕ್ಕದ ಸಪ್ನಾ ಎದ್ದು ನಿಂತು ಇನ್ನೊಂದು ಹಾಳೆ ಕೇಳಿದಳು.

ಶರ್ಲೀನಳ ಪಾಪ ಕಡಿಮೆ, ಸಪ್ನಾಳದು ಹೆಚ್ಚು ಎಂದೇನೂ ಇದರ ಅರ್ಥವಲ್ಲ. ಶರ್ಲೀನ್ ಎಂಟನೇ ವಯಸ್ಸಿನಿಂದ ಚರ್ಚಿನಲ್ಲಿ ಪಾಪನಿವೇದನೆ ಮಾಡುತ್ತ ಬಂದವಳು. ಅವಳ ಹತ್ತಿರ ಒಂದು ಸಿದ್ಧ ಪಟ್ಟಿ ಇತ್ತು: ದೊಡ್ಡವರ ಮಾತು ಕೇಳಲಿಲ್ಲ, ಸುಳ್ಳು ಹೇಳಿದೆ, ತಮ್ಮನ ಮೇಲೆ ಸಿಟ್ಟಾದೆ, ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ಗಮನ ಬೇರೆ ಕಡೆ ಇತ್ತು. ಆರು ವರ್ಷಗಳಲ್ಲಿ ಈ ಪಟ್ಟಿ ಬದಲಾಗಿರಲಿಲ್ಲ. ಅವಳ ಅಜ್ಜಿಯ ಪಟ್ಟಿಯೂ ಹೆಚ್ಚುಕಡಿಮೆ ಇದೇ, ತಮ್ಮನ ಜಾಗದಲ್ಲಿ ಸೊಸೆ. ಕ್ಯಾಥೊಲಿಕ್ ಮನೆಯ ಮಕ್ಕಳಿಗೆ ಚಿಕ್ಕಂದಿನಲ್ಲೇ ತಿಳಿದುಹೋಗುತ್ತದೆ, ದೇವರಿಗೆ ಹೇಳುವುದಕ್ಕೂ ಒಂದು ಅಳತೆಯಿದೆ, ಕೇಳುವ ಪಾದ್ರಿಗೆ ಊಟಕ್ಕೆ ತಡವಾಗದಂಥ ಅಳತೆ.

ಸಪ್ನಾಳಿಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಅವಳ ಮನೆಯವರು ವಿಜಯಪುರದ ಕಡೆಯ ಲಿಂಗಾಯತರು. ಲಿಂಗಪೂಜೆ ದಿನಾ ಬೆಳಿಗ್ಗೆ ನಡೆಯುತ್ತಿತ್ತು. ಆದರೆ ಪಾಪವನ್ನು ಗೆರೆ ಹಾಳೆಯ ಮೇಲೆ ಬರೆದು ಸಲ್ಲಿಸುವ ಪದ್ಧತಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೈಕುಲ್ಲಾದ ಆ ಕಾನ್ವೆಂಟಿನಲ್ಲಿ ಪ್ರತಿವರ್ಷ ಈಸ್ಟರಿಗೆ ಮುಂಚೆ ಒಂದು ದಿನ ರಿಟ್ರೀಟ್, ಅಂದರೆ ಪ್ರಾರ್ಥನೆ, ಆತ್ಮಪರೀಕ್ಷೆಯ ಶಿಬಿರ, ನಡೆಯುತ್ತದೆ. ಹತ್ತನೆಯವರು ಬೋರ್ಡ್ ಪರೀಕ್ಷೆಯಲ್ಲಿ ಇರುವುದರಿಂದ ಒಂಬತ್ತನೆಯವರೇ ಆ ದಿನ ಶಾಲೆಯ ಹಿರಿಯರು. ಎಲ್ಲ ಧರ್ಮದ ಮಕ್ಕಳೂ ಬರಬಹುದು, ಬಲವಂತವಿಲ್ಲ. ಬಾರದಿದ್ದರೆ ಮಾತ್ರ ಮನೆಯವರಿಂದ ಚೀಟಿ ತರಬೇಕು, ಚೀಟಿಗೆ ಕಾರಣ ಬೇಕು, ಕಾರಣಕ್ಕೆ ಡಾಕ್ಟರ ಸಹಿ ಬೇಕು. ಹಾಗಾಗಿ ಎಲ್ಲರೂ ಸ್ವಇಚ್ಛೆಯಿಂದ ಬಂದಿದ್ದರು.

"ಇದನ್ನು ಯಾರೂ ಓದುವುದಿಲ್ಲ," ಎಂದಿದ್ದರು ಮಿಸ್ ಕೊರೆಯಾ, ಹಾಳೆ ಹಂಚುತ್ತ. ಮೌಲ್ಯಶಿಕ್ಷಣ ಮತ್ತು ಇಂಗ್ಲಿಷ್ ಎರಡೂ ಅವರದೇ. "ನೀವು, ದೇವರು, ಆಮೇಲೆ ಬೆಂಕಿ. ನಡುವೆ ಮತ್ತ್ಯಾರೂ ಇಲ್ಲ. ನಿಮ್ಮ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿರುವ ಒಂದು ವಿಷಯ ಇರುತ್ತದೆ ನೋಡಿ, ಅದನ್ನು ಬರೆಯಿರಿ."

ಈ ಮಾತನ್ನು ಅವರು ಪ್ರತಿವರ್ಷವೂ ಹೇಳುತ್ತಿದ್ದರು. ಪ್ರತಿವರ್ಷವೂ ಒಂದಿಬ್ಬರು ನಂಬುತ್ತಿದ್ದರು. ಈ ವರ್ಷ ಸಪ್ನಾ ನಂಬಿದಳು. ಅವಳು ನಂಬದೆ ಇರಲು ಕಾರಣವಿರಲಿಲ್ಲ. ಏಳನೆಯಲ್ಲಿ ಅವಳ ಪ್ರಬಂಧವನ್ನು ಇಡೀ ತರಗತಿಗೆ ಓದಿ ಹೇಳಿದವರು ಮಿಸ್ ಕೊರೆಯಾ. ಎಂಟನೆಯಲ್ಲಿ ಜ್ವರ ಬಂದಾಗ ಸ್ಟಾಫ್ ರೂಮಿನಲ್ಲಿ ಮಲಗಿಸಿ ತಮ್ಮ ಡಬ್ಬಿಯ ಗಂಜಿ ಕುಡಿಸಿದವರೂ ಅವರೇ. ಸಪ್ನಾ ಎರಡು ವರ್ಷದಿಂದ ಇಂಗ್ಲಿಷಿನ ಕೆಲವು ಅಕ್ಷರಗಳನ್ನು ಅವರಂತೆಯೇ ಬಾಲ ಬಿಟ್ಟು ಬರೆಯುತ್ತಿದ್ದಳು.

ಆ ಶಾಲೆಯಲ್ಲಿ ಹತ್ತು ವರ್ಷ ಓದಿದ ಹುಡುಗಿ ಖಾಲಿ ಹಾಳೆ ಕಂಡ ಕೂಡಲೇ ಎಡಕ್ಕೆ ಮಾರ್ಜಿನ್ ಎಳೆಯುತ್ತಾಳೆ. ಮೇಲೆ ಬಲಮೂಲೆಯಲ್ಲಿ ಹೆಸರು, ತರಗತಿ, ವಿಭಾಗ, ರೋಲ್ ನಂಬರ್, ದಿನಾಂಕ ಬರೆಯುತ್ತಾಳೆ. ಬರೆಯದಿದ್ದರೆ ಅರ್ಧ ಅಂಕ ಹೋಗುತ್ತದೆ. ಸಪ್ನಾಳ ಕೈ ತಾನಾಗಿ ಅಷ್ಟನ್ನೂ ಮಾಡಿತು. ನಡುವೆ ಇಂಗ್ಲಿಷಿನಲ್ಲಿ 'ನನ್ನ ಪಾಪ' ಎಂದು ಶೀರ್ಷಿಕೆ ಕೊಟ್ಟು, ಸ್ಕೇಲಿನಿಂದ ಅಡಿಗೆರೆ ಹಾಕಿದಳು. ನಂತರ ಬರೆಯತೊಡಗಿದಳು.

ಅವಳ ಎದೆಯ ಮೇಲೆ ಕುಳಿತಿದ್ದದ್ದು ಒಂದು ವಿಳಾಸ.

ಸಪ್ನಾಳ ಮನೆ ಇರುವುದು ಲೋಕಲ್ ರೈಲಿನಲ್ಲಿ ಏಳು ಸ್ಟೇಷನ್ ಆಚೆಯ ಕುರ್ಲಾದಲ್ಲಿ. ಶಾಲೆಯ ದಾಖಲೆಯಲ್ಲಿ ಇರುವುದು ಬೈಕುಲ್ಲಾದ ವಿಳಾಸ, ಸ್ಟೇಷನ್ ಹಿಂದಿನ ಚಾಳಿನ ಎರಡನೇ ಮಾಳಿಗೆ, ಅವಳ ಸೋದರಮಾವ ಸೋಮನಾಥನ ಒಂದೇ ಕೋಣೆಯ ಖೋಲಿ. ಮೂರು ಕಿಲೋಮೀಟರ್ ಒಳಗಿನವರಿಗೆ ಮೊದಲು ಎಂಬ ನಿಯಮ ಶಾಲೆಯಲ್ಲಿತ್ತು. ಆದ್ದರಿಂದ ಹತ್ತು ವರ್ಷದ ಹಿಂದೆ ಅವಳ ತಾಯಿ ಶೈಲಾ ಅಣ್ಣನ ಲೈಟ್ ಬಿಲ್ ಹಿಡಿದುಕೊಂಡು ಸರದಿಯಲ್ಲಿ ನಿಂತಿದ್ದಳು. ಅಂದಿನಿಂದ ಸಪ್ನಾ ಕಾಗದದ ಮೇಲೆ ಬೈಕುಲ್ಲಾದವಳು, ಬೆಳಿಗ್ಗೆ ಆರು ಹತ್ತರ ಲೋಕಲಿನಲ್ಲಿ ಮಾತ್ರ ಕುರ್ಲಾದವಳು.

ಅವಳೊಬ್ಬಳೇ ಅಲ್ಲ. ಆ ಶಾಲೆಯ ದಾಖಲೆಗಳನ್ನು ನಂಬಿದರೆ ಬೈಕುಲ್ಲಾದ ಒಂದೊಂದು ಖೋಲಿಯಲ್ಲಿ ಆರಾರು ಹುಡುಗಿಯರು ಮಲಗಿ ಏಳುತ್ತಿದ್ದರು. ಶರ್ಲೀನ್ ಕೂಡ ಬರುತ್ತಿದ್ದದ್ದು ಭಾಂಡುಪಿನಿಂದ. ಆದರೆ ಅವಳಿಗೆ ಚರ್ಚಿನ ಫಾದರ್ ಕೊಟ್ಟ ಪತ್ರವಿತ್ತು, ಹಾಗಾಗಿ ಅವಳದು ದೂರ, ಸುಳ್ಳಲ್ಲ.

ಇಪ್ಪತ್ತು ನಿಮಿಷ ಮುಗಿದಾಗ ಸಪ್ನಾ ಎರಡನೇ ಹಾಳೆಯ ಹಿಂಬದಿಯಲ್ಲಿದ್ದಳು.

ಹಿಂದೆಲ್ಲ ಈ ಹಾಳೆಗಳನ್ನು ಅಂಗಳದಲ್ಲಿ, ಮಾತೆಯ ವಿಗ್ರಹದ ಎದುರು, ಒಂದು ಕಬ್ಬಿಣದ ಬಾಂಡ್ಲಿಯಲ್ಲಿ ಹಾಕಿ ಸುಡುತ್ತಿದ್ದರು. ಹೋದ ವರ್ಷ ಗಾಳಿಗೆ ಅರೆಬೆಂದ ಪಾಪಗಳು ಹಾರಿ, ಪಕ್ಕದ ಬಿಲ್ಡಿಂಗಿನವರು ಒಣಗಲು ಹಾಕಿದ್ದ ಬೆಡ್‌ಶೀಟುಗಳ ಮೇಲೆ ಕೂತಿದ್ದವು. ಸೊಸೈಟಿಯ ಸೆಕ್ರೆಟರಿ ಮೂರು ಪುಟದ ದೂರು ಕೊಟ್ಟಿದ್ದ. ಆದ್ದರಿಂದ ಈ ವರ್ಷ ಪ್ರಿನ್ಸಿಪಾಲ್ ಸಿಸ್ಟರ್ ಬೆನೆಡಿಕ್ಟಾ ಹೊಸ ಏರ್ಪಾಟು ಮಾಡಿದ್ದರು: ಹಾಳೆಗಳೆಲ್ಲ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಕ್ಕೆ, ಡಬ್ಬದ ಮುಂದೆ ಒಂದು ಮೇಣದಬತ್ತಿ, ಸುಡುವ ಕೆಲಸ ಆಮೇಲೆ ಗಾಳಿ ಇಲ್ಲದ ಹೊತ್ತಿನಲ್ಲಿ. ಹುಡುಗಿಯರು ಕೈಮುಗಿದು ಹಾಡು ಹೇಳಿದರು. ಡಬ್ಬವನ್ನು ಮಿಸ್ ಕೊರೆಯಾ ಎದೆಗಾನಿಸಿಕೊಂಡು ಒಳಗೆ ಹೋದರು.

ಸಪ್ನಾಳಿಗೆ ಮಾತ್ರ ಆಗಲೇ ಸುಟ್ಟಷ್ಟು ಹಗುರವಾಗಿತ್ತು. ಸಂಜೆ ಮನೆಗೆ ಬಂದವಳೇ ಯಾರೂ ಹೇಳದೆ ಪಾತ್ರೆ ತಿಕ್ಕಿದಳು. ತಂಗಿ ವೈಶಾಲಿಯ ಜಡೆ ಹಾಕಿದಳು. ಕಪಾಟಿನ ಧೂಳು ಒರೆಸಿದಳು. ಶೈಲಾ ಗಂಡನ ಕಡೆಗೆ ನೋಡಿ ಕಣ್ಣು ಕಿರಿದು ಮಾಡಿದಳು.

"ಏನ್ರಿ, ಇಕಿ ಯಾವುದೋ ಪೇಪರ್‌ನ್ಯಾಗ ಫೇಲ್ ಆಗ್ಯಾಳ ನೋಡ್ರಿ."

"ಪಾತ್ರಿ ತಿಕ್ಕಿದ್ರ ಫೇಲ್ ಅಂತೀಯಲ್ಲ," ಎಂದ ಗುರಲಿಂಗಪ್ಪ. ಅವನು ಬೈಕುಲ್ಲಾದ ಒಂದು ಔಷಧಿ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಯಾವುದೇ ವಸ್ತುವಿನ ಬಗ್ಗೆ ಅದರ ಅವಧಿ ಮುಗಿಯುವವರೆಗೆ ಅನುಮಾನಪಡುವ ಸ್ವಭಾವ ಅವನದಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ನಡೆಯುತ್ತಿದ್ದ ಮುಖ್ಯ ವಿದ್ಯಮಾನ ವೈಶಾಲಿಯ ಇಂಟರ್‌ವ್ಯೂ. ವೈಶಾಲಿಗೆ ಒಂಬತ್ತು ವರ್ಷ. ಮನೆಯ ಹತ್ತಿರದ ಒಂದು ಶಾಲೆಯಲ್ಲಿ ನಾಲ್ಕನೆಯಲ್ಲಿದ್ದಳು. ಒಂದೇ ಕೋಣೆಯಲ್ಲಿ ಎರಡು ತರಗತಿ ನಡೆಯುವ, ಪ್ರತಿವರ್ಷ ಮುಚ್ಚುತ್ತದೆಂಬ ಸುದ್ದಿ ಹುಟ್ಟುವ ಶಾಲೆ ಅದು. ಕಾನ್ವೆಂಟಿನ ಸೆಕೆಂಡರಿ ವಿಭಾಗಕ್ಕೆ ಐದನೇ ತರಗತಿಯಲ್ಲಿ ಹೊರಗಿನ ಆರು ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದರು. ಅಕ್ಕ ಅಲ್ಲೇ ಇದ್ದರೆ ತಂಗಿಗೆ ಮೊದಲ ಹಕ್ಕು. ಸಪ್ನಾ ಇನ್ನೊಂದು ವರ್ಷಕ್ಕೆ ಶಾಲೆ ಬಿಡುವವಳು. ಹಾಗಾಗಿ ಈ ವರ್ಷ ಸಿಕ್ಕರೆ ಸಿಕ್ಕಿತು. ಶೈಲಾ ರೊಟ್ಟಿ ಬಡಿಯುತ್ತಲೇ ಪಾಠ ಹೇಳಿಕೊಡುತ್ತಿದ್ದಳು.

"ಎಲ್ಲಿರ್ತಿ?"

"ಬೈಕುಲ್ಲಾ."

"ಬೈಕುಲ್ಲಾ ಎಲ್ಲಿ? ಇಂಗ್ಲಿಷಿನ್ಯಾಗ ಹೇಳು."

"ಬಿಹೈಂಡ್ ಸ್ಟೇಷನ್."

"ಸಾಲಿಗೆ ಹ್ಯಾಂಗ ಬರ್ತಿ?"

"ಬೈ ಲೋಕಲ್ ಟ್ರೈ..."

"ಏ ಖೋಡಿ! ನಡ್ಕೋತ! ನಡ್ಕೋತ ಬರ್ತಿ! ದಾರ್‍ಯಾಗ ಏನೇನ್ ಕಾಣ್ತದ?"

"ಫೈರ್ ಬ್ರಿಗೇಡ್, ಆಮ್ಯಾಲ ಭಾಜಿ ಮಾರ್ಕೆಟ್, ಆಮ್ಯಾಲ ಸ್ಕೂಲ್."

"ಶಾಣ್ಯಾಕಿ."

ಹತ್ತು ವರ್ಷದ ಹಿಂದೆ ಇದೇ ಪಾಠ ಸಪ್ನಾಳಿಗೂ ಆಗಿತ್ತು. ಈಗ ಅವಳು ಮೂಲೆಯಲ್ಲಿ ಕೂತು ಭೂಗೋಳದ ನಕಾಶೆ ಬಿಡಿಸುತ್ತ ತಂಗಿ ಬೈಕುಲ್ಲಾದವಳಾಗುವುದನ್ನು ನೋಡುತ್ತಿದ್ದಳು. ಬೆಂಕಿಗೆ ಬರೆದದ್ದರಲ್ಲಿ ಕೊನೆಯ ಸಾಲು ತಂಗಿಯ ಬಗ್ಗೆಯೇ ಇತ್ತು. ಅದನ್ನು ನೆನೆದು ಒಳಗೊಳಗೇ ಸಮಾಧಾನಪಟ್ಟಳು.

ಇಂಟರ್‌ವ್ಯೂ ಒಂದು ಶನಿವಾರ, ಹನ್ನೊಂದು ಗಂಟೆಗೆ. ಗುರಲಿಂಗಪ್ಪ ಅರ್ಧ ದಿನ ರಜೆ ಹಾಕಿ, ಮದುವೆಗೆ ಹಾಕುವ ಅಂಗಿ ಹಾಕಿಕೊಂಡು ಬಂದಿದ್ದ. ಶೈಲಾ ಇಳಕಲ್ ಸೀರೆ ಉಟ್ಟಿದ್ದಳು. ಸಪ್ನಾ ಮೇಲಿನ ಮಹಡಿಯಲ್ಲಿ ತನ್ನ ತರಗತಿಯಲ್ಲಿದ್ದಳು.

ವೈಶಾಲಿ ಅದ್ಭುತವಾಗಿ ಮಾಡಿದಳು. "ಐ ಕಮ್ ಬೈ ವಾಕಿಂಗ್, ಸಿಸ್ಟರ್," ಎಂದಳು. ಫೈರ್ ಬ್ರಿಗೇಡ್ ಬಲಕ್ಕೋ ಎಡಕ್ಕೋ ಎಂದು ಸಿಸ್ಟರ್ ಬೆನೆಡಿಕ್ಟಾ ಕೇಳಿದಾಗ ಅರೆಕ್ಷಣವೂ ತಡೆಯದೆ, "ಗೋಯಿಂಗ್ ಟೈಮ್ ರೈಟ್, ಕಮಿಂಗ್ ಟೈಮ್ ಲೆಫ್ಟ್," ಎಂದಳು. ಗುರಲಿಂಗಪ್ಪನಿಗೆ ಗೊತ್ತಿದ್ದ ಇಂಗ್ಲಿಷ್ ಬ್ಯಾಚ್ ನಂಬರ್, ಎಕ್ಸ್‌ಪೈರಿ ಮತ್ತು ಹ್ಯಾಂಡಲ್ ವಿತ್ ಕೇರ್. ಆದರೂ ಮಗಳು ಗೆದ್ದಳೆಂಬುದು ಅವನಿಗೆ ತಿಳಿಯಿತು. ಸಿಸ್ಟರ್ ನಕ್ಕರು. ಆಯಾಬಾಯಿಯನ್ನು ಕರೆದು, ಈ ಮಗುವಿಗೆ ಕಾರಿಡಾರಿನ ಮೀನಿನ ತೊಟ್ಟಿ ತೋರಿಸು ಎಂದರು. ಇನ್ನೊಬ್ಬಳನ್ನು ಕರೆದು, ಒಂಬತ್ತನೇ ಬಿಯಿಂದ ಸಪ್ನಾಳನ್ನು ಕರೆತರಲು ಹೇಳಿದರು.

ಸಪ್ನಾಳನ್ನು ಕರೆಸಿದ್ದರಲ್ಲಿ ಶೈಲಾಳಿಗೆ ವಿಶೇಷವೇನೂ ಕಾಣಲಿಲ್ಲ. ಸಿಸ್ಟರಿಗೆ ಹಿಂದಿ ಬರುತ್ತಿತ್ತು, ಆದರೆ ಶಾಲೆಯ ಮಾತನ್ನು ಅವರು ಇಂಗ್ಲಿಷಿನಲ್ಲೇ ಆಡುವುದು. ಪಾಲಕರನ್ನು ಕರೆಸುವ ಪ್ರತಿ ಓಪನ್ ಡೇಯಂದು ಸಪ್ನಾಳೇ ನಡುವೆ ನಿಂತು ಟೀಚರುಗಳ ಮಾತನ್ನು ತಾಯಿಗೆ ಕನ್ನಡದಲ್ಲಿ ಹೇಳುವವಳು. ಗಣಿತದ ಟೀಚರು ಎರಡು ನಿಮಿಷ ಬೈದರೆ ಅದು ಸಪ್ನಾಳ ಕನ್ನಡದಲ್ಲಿ "ಇನ್ನ ಸ್ವಲ್ಪ ಪ್ರ್ಯಾಕ್ಟೀಸ್ ಮಾಡಬೇಕಂತ" ಎಂದಾಗುತ್ತಿತ್ತು. ಇಷ್ಟುದ್ದ ಇಂಗ್ಲಿಷಿಗೆ ಕನ್ನಡ ಇಷ್ಟು ಚಿಕ್ಕದೇಕೆ ಎಂದು ಶೈಲಾ ಎಂದೂ ಕೇಳಿರಲಿಲ್ಲ.

ಸಪ್ನಾ ಒಳಗೆ ಬಂದಾಗ ಮಿಸ್ ಕೊರೆಯಾ ಕೂಡ ಅವಳ ಹಿಂದೆಯೇ ಬಂದು ಕಿಟಕಿಯ ಹತ್ತಿರ ನಿಂತರು. ಸಿಸ್ಟರ್ ವೈಶಾಲಿಯ ಅರ್ಜಿಯ ಫೈಲು ತೆರೆದು, ಅದರೊಳಗಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮಾರ್ಜಿನ್, ಬಲಮೂಲೆಯಲ್ಲಿ ಹೆಸರು, ರೋಲ್ ನಂಬರ್ ಮೂವತ್ತೊಂದು, ನಡುವೆ ಅಡಿಗೆರೆ ಹಾಕಿದ ಶೀರ್ಷಿಕೆ. ಹಾಳೆಯ ಅಂಚು ಸಹ ಸುಟ್ಟಿರಲಿಲ್ಲ.

"ಸಪ್ನಾ," ಎಂದರು ಸಿಸ್ಟರ್ ಮೆಲ್ಲಗೆ. ಅವರು ಎಂದೂ ದನಿ ಏರಿಸಿದವರಲ್ಲ. "ಇದರಲ್ಲಿ ನಮ್ಮ ನಿಮ್ಮ ನಡುವೆ ತಪ್ಪು ತಿಳಿವಳಿಕೆ ಆಗಬಾರದು. ನಿನ್ನ ತಂದೆತಾಯಿಗೆ ನೀನೇ ಇದನ್ನು ನಿಮ್ಮ ಭಾಷೆಯಲ್ಲಿ ಓದಿ ಹೇಳು."

ಸಪ್ನಾ ಮಿಸ್ ಕೊರೆಯಾ ಅವರತ್ತ ನೋಡಿದಳು. ಮಿಸ್ ಕೊರೆಯಾ ಕಿಟಕಿಯ ಸರಳುಗಳನ್ನು ನೋಡುತ್ತಿದ್ದರು.

"ಏನಂತವ್ವಾ?" ಎಂದಳು ಶೈಲಾ, ನಗುಮುಖದಿಂದ. ಒಳ್ಳೆ ಅಂಕ ಬಂದ ಪೇಪರ್ ಇರಬೇಕೆಂದು ಅವಳೆಣಿಕೆ. "ಓದವಾ."

ಸಪ್ನಾ ಓದಿದಳು. ಅವಳ ಕನ್ನಡ ಮನೆಯ ಕನ್ನಡ. ಪಾಪಕ್ಕೆ ಬೇಕಾದ ಶಬ್ದಗಳು ಅದರಲ್ಲಿ ಇದ್ದವೋ ಇಲ್ಲವೋ ಎಂದು ಅವಳಿಗೆ ಅಲ್ಲಿಯವರೆಗೆ ಯೋಚಿಸುವ ಸಂದರ್ಭ ಬಂದಿರಲಿಲ್ಲ.

"ದೇವರೇ... ನಾವು ಬೈಕುಲ್ಲಾದಾಗ ಇರಂಗಿಲ್ಲ. ಕುರ್ಲಾದಾಗ ಇರ್ತೀವಿ. ಬೈಕುಲ್ಲಾದ್ದು ಸೋಮನಾಥ ಮಾಮಾನ ಖೋಲಿ. ಮೂರನೇತ್ತಾದಾಗ 'ನನ್ನ ಓಣಿ' ಅಂತ ಪ್ರಾಜೆಕ್ಟ್ ಇತ್ತು, ನನಗ ಫಸ್ಟ್ ಪ್ರೈಜ್ ಬಂತು. ಆ ಓಣಿಗೆ ನಾ ಎರಡೇ ಸಲ ಹೋಗಿದ್ದೆ."

ಗುರಲಿಂಗಪ್ಪ ಕಾಲಮೇಲಿನ ಕಾಲು ಇಳಿಸಿದ.

"ಸ್ಟೇಷನ್‌ನ್ಯಾಗ ಟೀಚರ್ ಯಾರರೆ ಕಂಡ್ರ ನಾ ಬುಕ್ ಸ್ಟಾಲ್ ಹಿಂದ ಅಡಕ್ಕೋತೀನಿ. ಗೆಳತ್ಯಾರನ್ನ ಮನಿಗೆ ಕರಿಯಂಗಿಲ್ಲ. ಹತ್ತು ವರ್ಷ ಆತು, ಯಾರನ್ನೂ ಕರದಿಲ್ಲ." ಅವಳು ನಿಂತಳು. ಹಾಳೆ ಮಗುಚಿ, ಎರಡು ಸಾಲು ಬಿಟ್ಟು ಮುಂದಿನದಕ್ಕೆ ಹೋಗಲು ಬಾಯಿ ತೆರೆದಳು.

"ಅದನ್ನೂ ಹೇಳು ಸಪ್ನಾ," ಎಂದರು ಮಿಸ್ ಕೊರೆಯಾ ಕಿಟಕಿಯ ಹತ್ತಿರದಿಂದ. ಹಾಳೆ ಅವರ ಕೈಯಲ್ಲಿರಲಿಲ್ಲ, ಕನ್ನಡ ಅವರಿಗೆ ಬರುತ್ತಿರಲಿಲ್ಲ. ಆದರೂ ಹಾಳೆ ಮಗುಚಿದ ಮೇಲೆ ಯಾವ ಸಾಲು ಬರುತ್ತದೆ, ಅದನ್ನು ಹೇಳಲು ಎಷ್ಟು ಹೊತ್ತು ಬೇಕು ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

"ನಮ್ಮ ಮಮ್ಮಿ ನನಗ ಸುಳ್ಳು ಹೇಳೂದು ಕಲಿಸ್ಯಾಳ," ಎಂದಳು ಸಪ್ನಾ. "ಈಗ ತಂಗಿಗೂ ಕಲಸಾಕತ್ತಾಳ. ದೇವರೇ, ತಂಗೀನರೆ ಕಾಪಾಡು."

ಶೈಲಾಳ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ಇಷ್ಟ ಬರದಾಳೋ, ಇನ್ನೂ ಅದನೋ?" ಎಂದಳು ಗಂಡನ ಕಡೆ ತಿರುಗಿ. ನಂತರ ಸಿಸ್ಟರಿಗೆ ನೇರ ಹಿಂದಿಯಲ್ಲಿ, "ಸಿಸ್ಟರ್, ಬಚ್ಚೀ ಹೈ. ಕುಛ್ ಭೀ ಲಿಖ್ತೀ ಹೈ," ಎಂದಳು.

"ಇಲ್ಲ, ಇಲ್ಲ," ಎಂದರು ಸಿಸ್ಟರ್. "ನಿಮ್ಮ ಮಗಳು ಪ್ರಾಮಾಣಿಕಳು. ನನಗೆ ಅವಳ ಬಗ್ಗೆ ಹೆಮ್ಮೆಯಿದೆ. ಹತ್ತು ವರ್ಷ ಇಲ್ಲಿ ಓದಿದ್ದಕ್ಕೆ ಸಾರ್ಥಕವಾಯಿತು. ಸಪ್ನಾ ಹತ್ತನೇ ತರಗತಿ ಇಲ್ಲೇ ಮುಗಿಸುತ್ತಾಳೆ, ಆ ಪ್ರಶ್ನೆಯೇ ಇಲ್ಲ. ಮಕ್ಕಳ ತಪ್ಪಲ್ಲ ಇದು. ಆದರೆ ಇದನ್ನು ಓದಿದ ಮೇಲೆ ಚಿಕ್ಕವಳ ಅರ್ಜಿಗೆ ನಾನು ಹೇಗೆ ಸಹಿ ಹಾಕಲಿ? ಗೊತ್ತಿಲ್ಲದಿದ್ದರೆ ಬೇರೆ ಮಾತು."

ಈ ಮಾತನ್ನು ಸಪ್ನಾ ಕನ್ನಡದಲ್ಲಿ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಸಿಸ್ಟರ್ ಫೈಲು ಮುಚ್ಚಿದ ರೀತಿಯಲ್ಲೇ ಎಲ್ಲ ಅರ್ಥವಾಗಿತ್ತು.

"ಗೊತ್ತಾಗಬಾರದಿತ್ತು, ಸಿಸ್ಟರ್," ಎಂದಳು ಸಪ್ನಾ ಇಂಗ್ಲಿಷಿನಲ್ಲಿ. ಪ್ರಿನ್ಸಿಪಾಲರ ಎದುರು ಅವಳು ತಾನಾಗಿ ಮಾತಾಡಿದ್ದು ಅದೇ ಮೊದಲು. "ಮಿಸ್ ಸುಡ್ತೀನಿ ಅಂದಿದ್ರು. ಯಾರೂ ಓದಲ್ಲ ಅಂದಿದ್ರು."

ಮಿಸ್ ಕೊರೆಯಾ ಈಗ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ.

"ನಾನು ಎಲ್ಲರದನ್ನೂ ಓದಲಿಲ್ಲ, ಡಿಯರ್. ಉಳಿದ ಮೂವತ್ತೆಂಟನ್ನು ಹಾಗೆಯೇ ಸುಟ್ಟೆ, ಮಡಿಸಿದ್ದನ್ನು ಬಿಚ್ಚಲೂ ಇಲ್ಲ. ನಿನ್ನದರ ಮೇಲೆ ಹೆಸರಿತ್ತು. ಹೆಸರು ಬರೆದವರು ಯಾರಾದರೂ ಓದಲಿ ಅಂತ ತಾನೇ ಬರೆಯೋದು? ನೀನು ಸಹಾಯ ಕೇಳುತ್ತಿದ್ದೀಯ ಅಂದುಕೊಂಡೆ. 'ತಂಗಿಯನ್ನು ಕಾಪಾಡು' ಅಂತ ಬರೆದಿದ್ದೆಯಲ್ಲ."

ಅವರು ಹೇಳಿದ್ದು ನಿಜವಿರಬಹುದು. ಮಿಸ್ ಕೊರೆಯಾ ಸುಳ್ಳು ಹೇಳುವವರಲ್ಲ. ದೇವರನ್ನು ಕೇಳಿದ್ದ ಸಹಾಯವನ್ನು ಅವರು ತಾವೇ ಮಾಡಿಬಿಟ್ಟಿದ್ದರು, ಅಷ್ಟೆ.

ಮೀನಿನ ತೊಟ್ಟಿಯ ಹತ್ತಿರ ವೈಶಾಲಿ ಕಾಯುತ್ತಿದ್ದಳು. "ಆತ? ನಾ ಎಲ್ಲಾ ಬರೋಬರ್ ಹೇಳೀನಿ, ಹೌದಿಲ್ಲೋ ಪಪ್ಪಾ?"

"ಹೌದವ್ವಾ. ನೀ ಬರೋಬರ್ ಹೇಳಿದಿ," ಎಂದ ಗುರಲಿಂಗಪ್ಪ.

ಶನಿವಾರ ಅರ್ಧ ದಿನ. ಸಪ್ನಾಳೂ ಅವರ ಜೊತೆಗೇ ಹೊರಟಳು. ಗುರಲಿಂಗಪ್ಪ ಗೋದಾಮಿಗೆ ಹೋದ. ಮಧ್ಯಾಹ್ನದ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗವಿತ್ತು. ಶೈಲಾ ಕಿಟಕಿಯ ಹತ್ತಿರ ಕುಳಿತಳು, ಪಕ್ಕದಲ್ಲಿ ವೈಶಾಲಿ. ಸಪ್ನಾ ಎದುರಿನ ಬೆಂಚಿನಲ್ಲಿ, ಮೀನಿನ ಬುಟ್ಟಿಯವಳ ಪಕ್ಕ. ಚಿಂಚ್‌ಪೋಕಳಿ ಬಂತು, ಕರೀ ರೋಡ್ ಬಂತು. ಪರೇಲಿನಲ್ಲಿ ಕ್ಲಿಪ್ಪು, ರಬ್ಬರ್‌ಬ್ಯಾಂಡ್ ಮಾರುವವಳು ಹತ್ತಿ, ಇಳಿದಳು. ದಾದರ್ ದಾಟಿತು.

"ಮಮ್ಮಿ," ಎಂದಳು ಸಪ್ನಾ. "ಅವರು ಸುಡ್ತೀವಿ ಅಂದಿದ್ರು. ಪ್ರಾಮಿಸ್ ಮಾಡಿದ್ರು."

"ಅವರ ಮಾತು ಬಿಡು. ಅವರು ಯಾರು ನನಗ?" ಶೈಲಾ ಹೊರಗೆ ನೋಡುತ್ತಲೇ ಹೇಳಿದಳು. "ದೇವರಿಗೆ ಹೇಳೂದಿತ್ತಂದ್ರ ನಮ್ಮ ದೇವರಿಗೆ ಹೇಳಬೇಕಿತ್ತು. ಆತಗ ಕನ್ನಡ ಬರ್ತದ. ಕಾಗದಾನೂ ಬೇಡಂಗಿಲ್ಲ."

"ಸಾರಿ ಮಮ್ಮಿ."

"ಹತ್ತು ವರ್ಷ ನಸಿಕ್ಕಿನ್ಯಾಗ ಎದ್ದು ಡಬ್ಬಿ ಕಟ್ಟೀನಿ. ಐದನೇತ್ತಾದ ತನಾ ಕೈಹಿಡಿದು ಈ ಗರ್ದ್ಯಾಗ ಹತ್ತಿಸೀನಿ, ಇಳಿಸೀನಿ. ಎದಿ ಮ್ಯಾಲ ಮಂದಿ ಮೊಳಕೈ ಇಟ್ಟು ದಬ್ಬ್ಯಾರ, ನಿನಗ ತಾಗಬಾರದಂತ ಅಡ್ಡ ನಿಂತೀನಿ. ಇವಳು ಹೊಟ್ಟ್ಯಾಗಿದ್ದಾಗೂ ಬಂದೀನಿ." ಅವಳು ಮೊದಲ ಬಾರಿಗೆ ಮಗಳತ್ತ ತಿರುಗಿದಳು. "ಅದನ್ನ ನೀ ಪಾಪ ಅಂತ ಬರದಿ. ಮ್ಯಾಲ ಗೆರಿ ಹೊಡದು."

ಸಪ್ನಾ ತಲೆ ತಗ್ಗಿಸಿದಳು. ಹಾಗೆ ಬರೆದಿರಲಿಲ್ಲ ಎಂದು ಹೇಳೋಣವೆಂದರೆ, ಹಾಗೆಯೇ ಬರೆದಿದ್ದಳು. ತಾನು ಬರೆದದ್ದು ಬೇರೆ ಯಾವುದೋ ಭಾರದ ಬಗ್ಗೆ ಎಂದು ತಾಯಿಗೆ ತಿಳಿಸಿ ಹೇಳಲು ಕುರ್ಲಾ ಬರುವಷ್ಟರಲ್ಲಿ ಸಾಧ್ಯವಿರಲಿಲ್ಲ. ಮೀನಿನವಳು ಬುಟ್ಟಿ ಸರಿಸಿ, "ನೀಟ್ ಬಸ್ ಗ ಪೋರೀ," ಎಂದು ಸರಿಯಾಗಿ ಕೂರಲು ಮರಾಠಿಯಲ್ಲಿ ಹೇಳಿದಳು ಕರುಣೆಯಿಂದ. ಅವಳಿಗೆ ಕನ್ನಡ ತಿಳಿಯದಿದ್ದರೂ ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತಿತ್ತು.

ಸೋಮವಾರ ಅಸೆಂಬ್ಲಿಯಲ್ಲಿ ಸಿಸ್ಟರ್ ಬೆನೆಡಿಕ್ಟಾ ಸತ್ಯದ ಬಗ್ಗೆ ಹತ್ತು ನಿಮಿಷ ಮಾತನಾಡಿದರು. ನಮ್ಮ ಶಾಲೆಯ ಒಬ್ಬ ಹುಡುಗಿ, ಹೆಸರು ಹೇಳುವುದಿಲ್ಲ, ತನ್ನ ಮನೆಯವರಿಗೆ ನಷ್ಟವಾಗುತ್ತದೆಂದು ಗೊತ್ತಿದ್ದೂ ಸತ್ಯ ಹೇಳುವ ಧೈರ್ಯ ತೋರಿಸಿದಳು ಎಂದರು. ಎಂಟುನೂರು ಹುಡುಗಿಯರು ಚಪ್ಪಾಳೆ ತಟ್ಟಿದರು. ಸಪ್ನಾಳೂ ತಟ್ಟಿದಳು, ತಟ್ಟದಿದ್ದರೆ ಗೊತ್ತಾಗುತ್ತಿತ್ತು.

ಶರ್ಲೀನಳಿಗೆ ಗೊತ್ತಾಗಿಯೇ ಹೋಯಿತು. ಡಬ್ಬಿ ಬಿಚ್ಚುವ ಹೊತ್ತಿಗೆ ಅವಳು ಬೆಂಚಿನ ಮೇಲೆ ಹತ್ತಿರ ಸರಿದು, ಹಿಂದಿಯಲ್ಲಿ ಪಿಸುಗುಟ್ಟಿದಳು: "ಪಾಗಲ್, ನೀನು ನಿಜವಾದದ್ದು ಬರೆದೆಯಾ?"

"ನಿಜವಾದದ್ದು ಬರೀರಿ ಅಂದಿದ್ರಲ್ಲ?"

"ಅವರು ಹಾಗೇ ಅನ್ನೋದು! ನನ್ನನ್ನು ಕೇಳಬಾರದಿತ್ತಾ? ನಾನು ಕೊಡ್ತಿದ್ದೆ ನಾಲ್ಕು." ಶರ್ಲೀನ್ ಬಹಳ ನೊಂದುಕೊಂಡು ತನ್ನ ಕಟ್ಲೆಟ್ಟಿನ ಅರ್ಧ ಮುರಿದು ಸಪ್ನಾಳ ಡಬ್ಬಿಗೆ ಹಾಕಲು ಹೋಗಿ, ಅದು ಮಟನ್ ಎಂದು ನೆನಪಾಗಿ ವಾಪಸ್ ತೆಗೆದುಕೊಂಡಳು.

ಮಿಸ್ ಕೊರೆಯಾ ಒಂದೆರಡು ಸಲ ಕಾರಿಡಾರಿನಲ್ಲಿ ಎದುರಾಗಿ ಸಪ್ನಾಳ ಹೆಗಲ ಮೇಲೆ ಕೈಯಿಟ್ಟರು. ಸಪ್ನಾ ಕೈಯನ್ನು ಸರಿಸಲಿಲ್ಲ. ಕೈ ತಾನಾಗಿ ಹೋಗುವವರೆಗೆ ಗೋಡೆಯ ಮೇಲಿನ ಟೈಮ್ ಟೇಬಲ್ ಓದುತ್ತ ನಿಂತಿದ್ದಳು. ಇಂಗ್ಲಿಷ್ ಪ್ರಬಂಧಗಳಲ್ಲಿ ಈಗ ಅವಳು ಪಠ್ಯಪುಸ್ತಕದ ವಾಕ್ಯಗಳನ್ನೇ ಬರೆಯುತ್ತಿದ್ದಳು. ಅಂಕವೇನೂ ಕಡಿಮೆ ಬರಲಿಲ್ಲ.

ಐದನೇ ತರಗತಿಗೆ ಆರಿಸಿದ ಆರು ಹೆಸರು ಏಪ್ರಿಲ್ ಮೊದಲ ವಾರ ಗೇಟಿನ ಹತ್ತಿರದ ಬೋರ್ಡಿನ ಮೇಲೆ ಬಿದ್ದವು. ಆರೂ ಜನ ಮೂರು ಕಿಲೋಮೀಟರ್ ಒಳಗಿನವರು. ಅವರಲ್ಲಿ ಒಬ್ಬಳು, ಗೇಟಿನಲ್ಲಿ ತನ್ನ ಹೆಸರು ಕಂಡು ಕುಣಿದವಳು, ಅದೇ ಸಂಜೆ ಕುರ್ಲಾದಲ್ಲಿ ತಾಯಿಯೊಂದಿಗೆ ಲೋಕಲಿನಿಂದ ಇಳಿಯುವುದನ್ನು ಸಪ್ನಾ ಕಂಡಳು. ಆ ತಾಯಿ ಸಪ್ನಾಳ ಯೂನಿಫಾರ್ಮ್ ನೋಡಿದ್ದೇ ಮಗಳ ಕೈ ಹಿಡಿದು ಸೇತುವೆಯ ಇನ್ನೊಂದು ಮೆಟ್ಟಿಲ ಕಡೆ ಎಳೆದೊಯ್ದಳು.

ಮನೆಯಲ್ಲಿ ಸಪ್ನಾಳನ್ನು ಯಾರೂ ಬೈಯುತ್ತಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದರು, ಬಿಸಿರೊಟ್ಟಿ ಹಾಕುತ್ತಿದ್ದರು. ಆದರೆ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಸರ್ಕಾರಿ ಇನ್‌ಸ್ಪೆಕ್ಟರ್ ಬಂದರೆ ಅಂಗಡಿಯಲ್ಲಿ ನಿಲ್ಲುವ ಹಾಗೆ. ಒಂದು ಭಾನುವಾರ ಸೋಮನಾಥ ಮಾಮಾ ಬಂದ. ಸಪ್ನಾ ನೀರು ತಂದುಕೊಟ್ಟಳು. ಹಿಂದೆಲ್ಲ ಅವಳ ಜಡೆ ಎಳೆದು, "ಏನವಾ ನಮ್ಮ ಖೋಲಿ ಮಾಲಕಿ, ಬಾಡಗಿ ಯಾವಾಗ ಕೊಡ್ತಿ?" ಎಂದು ಕಾಡುತ್ತಿದ್ದ ಮನುಷ್ಯ ಅಂದು, "ಅಭ್ಯಾಸ ಹ್ಯಾಂಗ ನಡದದವಾ?" ಎಂದಷ್ಟೇ ಕೇಳಿ ನೀರು ಕುಡಿದ.

"ಸಪ್ನಾ, ಕೊತ್ತಂಬರಿ ತಗೊಂಬಾ ಹೋಗು," ಎಂದಳು ಶೈಲಾ.

ಕೊತ್ತಂಬರಿ ಮನೆಯಲ್ಲಿತ್ತು. ಸಪ್ನಾ ಚಪ್ಪಲಿ ಮೆಟ್ಟಿದಳು. ಬಾಗಿಲು ಮುಚ್ಚುತ್ತಿದ್ದ ಹಾಗೆ ಒಳಗೆ ಮಾಮಾನ ದನಿ ತಗ್ಗಿತು, ತಾಯಿಯ ದನಿ ಅದಕ್ಕಿಂತ ತಗ್ಗಿತು, ಅಪ್ಪನದು ಕೇಳಿಸಲೇ ಇಲ್ಲ. ಅವಳು ಹಿಂತಿರುಗಿದಾಗ ಮಾಮಾ ಹೋಗಿದ್ದ. ಟಿವಿಯ ಮೇಲಿನ ಹಲಗೆಯಲ್ಲಿ, ಕ್ಯಾಲೆಂಡರಿನ ಹಿಂದೆ, ಯಾವುದೋ ಶಾಲೆಯ ಹಳದಿ ಬಣ್ಣದ ಅರ್ಜಿಯ ಅಂಚು ಕಾಣುತ್ತಿತ್ತು. ಶೈಲಾ ಅಡುಗೆಮನೆಯಿಂದ ಬಂದು, ಕೈಯೊರೆಸಿಕೊಂಡು, ಅದನ್ನು ತೆಗೆದು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಕೊತ್ತಂಬರಿ ತಗೊಂಡು ಒಳಗೆ ಹೋದಳು.

ವೈಶಾಲಿ ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಕೂತು ಒಂದು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಸಪ್ನಾ ಪಕ್ಕದಲ್ಲಿ ಕುಳಿತಳು.

"ವೈಶೂ, ಹೊಸಾ ಸಾಲಿ ನೋಡ್ಯಾರೇನು ನಿನಗ?"

ವೈಶಾಲಿ ಹಸಿರು ಬಣ್ಣ ಇಟ್ಟು ನೀಲಿ ಎತ್ತಿಕೊಂಡಳು.

"ಚಲೋ ಅದನೇನು? ಯಾವ ಕಡೆ? ಹೇಳು. ನಾ ಏನ್ ಮಾಡ್ಲಿ ತಗೊಂಡು? ಇಂಗ್ಲಿಷ್ ಹೇಳಿಕೊಡ್ತೀನಿ ನಿನಗ."

ವೈಶಾಲಿ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಅಕ್ಕನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಮೀನಿನ ತೊಟ್ಟಿಯ ಶಾಲೆ ತಪ್ಪಿಹೋದದ್ದಕ್ಕೆ ಎರಡು ದಿನ ಅತ್ತು ಮರೆತಿದ್ದಳು. ಬಣ್ಣದ ಪೆನ್ಸಿಲನ್ನು ಡಬ್ಬಿಯಲ್ಲಿ ಸಾಲಾಗಿ ಇಡುತ್ತ, ಆದಷ್ಟು ಮೆಲ್ಲಗೆ, ಅಕ್ಕನಿಗೆ ನೋವಾಗದ ಹಾಗೆ ಹೇಳಿದಳು.

"ನಿನಗ ಹೇಳಬ್ಯಾಡ ಅಂದಾಳ ಮಮ್ಮಿ. ನೀ ಬರದುಬಿಡ್ತಿಯಂತ."